ಹೊಸ ಸಂಶೋಧನೆಗಳ ಸಮಾಚಾರವನ್ನು ಶೋಧಿಸಿ ತಿಳಿಸುವ ತಂತ್ರಾಂಶ: ಅದರಿಂದ ವ್ಯವಸಾಯಗಾರರಿಗೆ ಆಗುವ ಪ್ರಯೋಜನ

ಬೇಸಾಯದ ಕಸಬಿನಲ್ಲಿ ತಿಳಿವಳಿಕೆಯು ಸಕಾಲಕ್ಕೆ ದೊರೆತರೆ ಮಾತ್ರವೇ ಪ್ರಯೋಜನಕಾರಿಯಾಗುವುದು. ಹದ ಮೀರಿದ ಮೇಲೆ ಕೈಸೇರಿದ ಬಿತ್ತನೆಯ ಬೀಜವೂ, ಹುಳು ಸುಳಿಯನ್ನು ತಿಂದು ಮುಗಿಸಿದ ಮೇಲೆ ಬಂದ ಔಷಧವೂ ಹೇಗೆ ವ್ಯರ್ಥವೋ, ಹಾಗೆಯೇ ಫಸಲು ಕೆಟ್ಟ ಮೇಲೆ ಓದಿದ ಶಾಸ್ತ್ರವೂ ವ್ಯರ್ಥವಾದುದು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಯು ಈ ವಿಷಯದಲ್ಲಿ ಅಕ್ಷರಶಃ ಸತ್ಯವಾಗಿದೆ. ಪ್ರಪಂಚದ ನಾನಾ ಕಡೆಗಳಲ್ಲಿ ಪಂಡಿತರು ಪ್ರಕಟಿಸುವ ಸಂಶೋಧನಾ ಲೇಖನಗಳನ್ನು ದಿನವೂ ಹುಡುಕಿ, ಬೇಕಾದುದನ್ನು ಆರಿಸಿ, ಬೇಕಾದವರಿಗೆ ಒಡನೆಯೇ ತಿಳಿಸುವುದಕ್ಕಾಗಿ ಈಗ ಗಣಕಯಂತ್ರಗಳಲ್ಲಿ ಕೆಲಸಮಾಡುವ ತಂತ್ರಾಂಶಗಳು ಏರ್ಪಟ್ಟಿವೆ. ಇವು ಪ್ರಯೋಗಶಾಲೆಗಳಲ್ಲಿರುವ ವಿದ್ವಾಂಸರ ಸಾಧನಗಳೆಂದು ಗ್ರಾಮಗಳ ಮುಖಂಡರೂ ಜಮೀನುದಾರರೂ ಅಲಕ್ಷ್ಯಮಾಡುವುದು ತರವಲ್ಲ. ಏತಕ್ಕೆಂದರೆ, ವಿದ್ವಾಂಸರಿಗೆ ಸುದ್ದಿಯು ತಡವಾಗಿ ಮುಟ್ಟಿದರೆ ಅದರ ನಷ್ಟವನ್ನು ಕಡೆಗೆ ಹೊಲದಲ್ಲಿಯೇ ತೆರಬೇಕಾಗುತ್ತದೆ.

ತಿಳಿವಳಿಕೆಯ ಪ್ರಯಾಣ

ಒಂದು ದೇಶದಲ್ಲಿ ಕಂಡುಹಿಡಿದ ಸಂಗತಿಯು ಇನ್ನೊಂದು ದೇಶದ ರೈತನಿಗೆ ಮುಟ್ಟಲು ಹಿಂದೆ ಎಷ್ಟು ಕಾಲ ಹಿಡಿಯುತ್ತಿತ್ತೆಂಬುದಕ್ಕೆ ಮಲೆನಾಡಿನ ಅಡಿಕೆಯ ತೋಟಗಳೇ ಉದಾಹರಣೆಯಾಗಿವೆ. ಫ್ರಾನ್ಸ್ ದೇಶದ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿಯನ್ನು ಕದಿಯದಂತೆ ದಾರಿಯ ಅಂಚಿನ ಬಳ್ಳಿಗಳಿಗೆ ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ಎರಚುವ ವಾಡಿಕೆಯಿತ್ತು. ಹಾಗೆ ಎರಚಿದ ಬಳ್ಳಿಗಳಿಗೆ ಬೂಜು ರೋಗವು ತಗಲದಿದ್ದುದನ್ನು ೧೮೮೨ರಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞರು ಗಮನಿಸಿ, ಪರೀಕ್ಷೆಗಳನ್ನು ನಡೆಸಿ, ೧೮೮೫ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಬೋರ್ಡೋ ದ್ರಾವಣವೆಂದು ಪ್ರಸಿದ್ಧವಾಗಿರುವ ಔಷಧವು ಇದೇ.

ಮೈಸೂರು ಸಂಸ್ಥಾನದಲ್ಲಿ ೧೯೦೮ರಲ್ಲಿ ಕೆಲಸಕ್ಕೆ ಸೇರಿದ ಲೆಸ್ಲಿ ಕೋಲ್ಮನ್ನರು ಅಡಿಕೆಯ ಕೊಳೆರೋಗವನ್ನು ಕುರಿತು ವಿಚಾರಣೆ ನಡೆಸಿ, ಅದು ಮಳೆಗಾಲದಲ್ಲಿ ಹಬ್ಬುವ ಒಂದು ಬಗೆಯ ಶಿಲೀಂಧ್ರದಿಂದ ಉಂಟಾಗುವುದೆಂದು ೧೯೧೦ರಲ್ಲಿ ಪ್ರಕಟಿಸಿದರು. ಅದಕ್ಕೆ ಪರಿಹಾರವಾಗಿ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಕ್ರಮವು ಬಳಕೆಗೆ ಬಂದಿತು. ಅಲ್ಲಿಯವರೆಗೆ ಗೊನೆಗಳಿಗೆ ಹುಲ್ಲಿನ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುವುದೊಂದೇ ತೋಟಗಾರರಿಗೆ ಗೊತ್ತಿದ್ದ ಮುಖ್ಯವಾದ ಉಪಾಯ. ಫ್ರಾನ್ಸಿನಲ್ಲಿ ಔಷಧವು ಪ್ರಕಟವಾದುದಕ್ಕೂ ಮಲೆನಾಡಿನ ತೋಟಕ್ಕೆ ಅದು ಬಂದುದಕ್ಕೂ ನಡುವೆ ಸುಮಾರು ೨೫ ವರ್ಷಗಳು ಕಳೆದುವು. ಇದರಲ್ಲಿ ಯಾರ ತಪ್ಪನ್ನೂ ಎಣಿಸುವಂತಿಲ್ಲ. ಸುದ್ದಿಯು ಹಡಗಿನಲ್ಲಿ ಬರಬೇಕಾಗಿತ್ತು. ಬಂದ ಸುದ್ದಿಯನ್ನು ಓದಿ, ಈ ನಾಡಿನ ರೋಗಕ್ಕೂ ಅದಕ್ಕೂ ಇರುವ ಸಂಬಂಧವನ್ನು ಕಾಣಬಲ್ಲವರು ಇಲ್ಲಿ ಇರಬೇಕಾಗಿತ್ತು.

ಈಗಿನ ತೊಡಕು ಬೇರೆ

ಇಂದಿನ ತೊಡಕು ಅದಕ್ಕೆ ತದ್ವಿರುದ್ಧವಾದುದು. ಈಗ ಸುದ್ದಿಯು ಕ್ಷಣಮಾತ್ರದಲ್ಲಿ ಬರುತ್ತದೆ. ಆದರೆ ಬರುವ ಸುದ್ದಿಗೆ ಮಿತಿಯೇ ಇಲ್ಲ. ಪ್ರಪಂಚದಲ್ಲಿ ವರ್ಷವೊಂದಕ್ಕೆ ೨೦ ಲಕ್ಷಕ್ಕೂ ಹೆಚ್ಚು ಸಂಶೋಧನಾ ಲೇಖನಗಳು ಪ್ರಕಟವಾಗುತ್ತವೆ. ವೈದ್ಯ ಮತ್ತು ಜೀವಶಾಸ್ತ್ರಗಳ ಲೇಖನಗಳನ್ನು ಪಟ್ಟಿಮಾಡುವ ಅಮೆರಿಕದ ಪಬ್‌ಮೆಡ್ ಎಂಬ ಸೂಚಿಯೊಂದರಲ್ಲಿಯೇ ೩ ಕೋಟಿ ೫೦ ಲಕ್ಷಕ್ಕೂ ಮೀರಿದ ನಮೂದುಗಳಿವೆ. ಮೆಕ್ಕೆಜೋಳದ ಹುಳುವನ್ನು ಕುರಿತು ಬ್ರೆಜಿಲ್ಲಿನಲ್ಲಿ ಒಬ್ಬರೂ ಕೀನ್ಯಾದಲ್ಲಿ ಇನ್ನೊಬ್ಬರೂ ಬರೆದುದನ್ನು ಬೆಂಗಳೂರಿನ ವಿದ್ವಾಂಸರು ಕೈಯಿಂದ ಹುಡುಕಹೊರಟರೆ ಅವರಿಗೆ ಹುಡುಕುವುದರಲ್ಲಿಯೇ ದಿನವೆಲ್ಲ ಕಳೆದುಹೋಗುವುದು. ಕಣದಲ್ಲಿ ರಾಶಿಯಿದ್ದರೂ ತೂರುವವರಿಲ್ಲದಿದ್ದರೆ ಮನೆಗೆ ಕಾಳು ಬಾರದು.

ಈ ತೊಡಕನ್ನು ಮೊದಲಿಗೆ ಮನಗಂಡವರು ಗ್ರಂಥಾಲಯಗಳ ಪಂಡಿತರು. ಎಸ್. ಆರ್. ರಂಗನಾಥನ್ನರು ೧೯೩೧ರಲ್ಲಿ ಪ್ರಕಟಿಸಿದ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಕಾಲವನ್ನು ಉಳಿಸತಕ್ಕದ್ದೆಂಬುದಾಗಿದೆ. ಅವರು ತಮ್ಮ ಕೊನೆಯ ಕಾಲವನ್ನು ಬೆಂಗಳೂರಿನಲ್ಲಿಯೇ ಕಳೆದರು. ಈ ಶಾಸ್ತ್ರದ ಶಿಕ್ಷಣಕ್ಕಾಗಿ ೧೯೬೨ರಲ್ಲಿ ಅಲ್ಲಿ ಒಂದು ಕೇಂದ್ರವನ್ನು ಸ್ಥಾಪಿಸಿದರು. ಅಮೆರಿಕದಲ್ಲಿ ಐಬಿಎಂ ಸಂಸ್ಥೆಯ ಹಾನ್ಸ್ ಪೀಟರ್ ಲೂನ್ ಎಂಬವರು ೧೯೫೮ರಲ್ಲಿ ಒಂದು ಯೋಜನೆಯನ್ನು ಮುಂದಿಟ್ಟರು. ಪ್ರತಿಯೊಬ್ಬನಿಗೂ ಬೇಕಾದ ವಿಷಯವಾವುದೆಂಬುದನ್ನು ಮೊದಲೇ ಬರೆದಿಟ್ಟುಕೊಂಡು, ಹೊಸ ಬರಹ ಬಂದೊಡನೆ ಯಂತ್ರವೇ ಅದನ್ನು ಈ ಪಟ್ಟಿಯೊಡನೆ ಹೋಲಿಸಿ, ಹೊಂದಿದವರಿಗೆ ಮಾತ್ರ ಕಳುಹಿಸಬೇಕೆಂಬುದು ಅವರ ಅಭಿಪ್ರಾಯ. ಈಗಿನ ತಂತ್ರಾಂಶಗಳೆಲ್ಲವೂ ಮೂಲತಃ ಈ ಒಂದು ತತ್ವದ ಮೇಲೆಯೇ ನಿಂತಿವೆ.

ತಂತ್ರಾಂಶವು ಕೆಲಸಮಾಡುವ ರೀತಿ

ಪಬ್‌ಮೆಡ್ ಸೂಚಿಯಲ್ಲಿ ಹೆಸರು ನೋಂದಾಯಿಸಿಕೊಂಡವರಿಗೆ ಅವರು ಕೊಟ್ಟ ಪದಗಳಿಗೆ ಹೊಂದುವ ಹೊಸ ಲೇಖನಗಳ ಪಟ್ಟಿಯು ದಿನಕ್ಕೊಮ್ಮೆಯೋ, ವಾರಕ್ಕೊಮ್ಮೆಯೋ, ತಿಂಗಳಿಗೊಮ್ಮೆಯೋ ಇ-ಮೇಲ್ ಮೂಲಕ ಬರುತ್ತದೆ. ೨೦೦೪ರಲ್ಲಿ ಪ್ರಾರಂಭವಾದ ಗೂಗಲ್ ಸ್ಕಾಲರ್ ಎಂಬ ಹುಡುಕುಸಾಧನವೂ ಇಂಥ ಸೂಚನಾಪತ್ರಗಳನ್ನು ಬೆಲೆಯಿಲ್ಲದೆ ಕಳುಹಿಸುತ್ತದೆ. ಆದರೆ ಒಬ್ಬನೇ ವಿದ್ವಾಂಸನು ಹತ್ತು ವಿಷಯಗಳಿಗೆ ಸೂಚನೆಗಳನ್ನು ಅಪೇಕ್ಷಿಸಿದರೆ, ಒಂದೇ ಲೇಖನವು ನಾಲ್ಕು ಪತ್ರಗಳಲ್ಲಿ ನಾಲ್ಕು ಬಾರಿ ಬರುವುದುಂಟು. ಓದಿದುದಾವುದು ಓದದಿರುವುದಾವುದು ಎಂಬುದು ಮರೆತುಹೋಗುವುದೂ ಉಂಟು. ಕೆಲವು ದಿನಗಳಲ್ಲಿ ಪತ್ರಗಳು ರಾಶಿಬಿದ್ದು, ಕೊನೆಗೆ ಒಂದನ್ನೂ ತೆರೆಯದೆ ಬಿಡುವ ಸ್ಥಿತಿಯು ಒದಗುತ್ತದೆ. ಆದುದರಿಂದ ಈ ಸೂಚನೆಗಳನ್ನೇ ಪರಿಶೀಲಿಸುವ ತಂತ್ರಾಂಶವು ಅವಶ್ಯವಾಯಿತು. ಅದರ ಕೆಲಸವು ಐದು ಹಂತಗಳಲ್ಲಿ ನಡೆಯುವುದು.

೧. ನಾನಾ ಕಡೆಗಳಿಂದ ಬಂದ ಸೂಚನೆಗಳನ್ನೆಲ್ಲ ಒಂದೆಡೆ ಕಲೆಹಾಕುವುದು.

೨. ಒಂದೇ ಲೇಖನವು ಎರಡಾವರ್ತಿ ಬಂದಿದ್ದರೆ ಒಂದನ್ನುಳಿಸಿ ಮಿಕ್ಕುದನ್ನು ತೆಗೆದುಹಾಕುವುದು. ಇದಕ್ಕೆ ಆಧಾರವಾವುದೆಂದರೆ, ಹೊಲಕ್ಕೆ ಸರ್ವೆ ನಂಬರಿರುವಂತೆ ಲೇಖನಕ್ಕೆ ಕೊಡುವ ಡಿಓಐ ಎಂಬ ಸಂಖ್ಯೆ. ಈ ಸಂಖ್ಯೆಗಳನ್ನು ನೋಂದಾಯಿಸುವ ಸಂಸ್ಥೆಗಳಲ್ಲಿ ೨೦೦೦ದಲ್ಲಿ ಏರ್ಪಟ್ಟ ಕ್ರಾಸ್‌ರೆಫ್ ಮುಖ್ಯವಾದುದು.

೩. ಶೀರ್ಷಿಕೆಯನ್ನೂ ಸಾರಾಂಶವನ್ನೂ ನೋಡಿ, ಅಪೇಕ್ಷಿಸಿದ ವಿಷಯಕ್ಕೆ ಹೆಚ್ಚು ಸಮೀಪವಾದುದನ್ನು ಮೇಲಕ್ಕೂ ಉಳಿದುದನ್ನು ಕೆಳಕ್ಕೂ ಇಡುವುದು.

೪. ಓದಿದ ಲೇಖನಕ್ಕೆ ಗುರುತುಮಾಡಿ, ಅದು ಮತ್ತೆ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುವುದು.

೫. ಸಂಗ್ರಹಿಸಿಟ್ಟ ಲೇಖನವನ್ನು ಪ್ರಕಾಶಕರು ಮುಂದೆ ಎಂದಾದರೂ ಹಿಂತೆಗೆದುಕೊಂಡರೆ, ಆ ಸಂಗತಿಯನ್ನು ಎಚ್ಚರಿಕೆಯ ರೂಪದಲ್ಲಿ ತಿಳಿಸುವುದು.

ಎಲ್ಲ ತಂತ್ರಾಂಶಗಳೂ ಈ ಐದನ್ನೂ ಮಾಡುವುದಿಲ್ಲ. ಒಂದೊಂದು ಕೆಲಸವನ್ನು ಮಾತ್ರ ಮಾಡುವವೂ ಇವೆ.

ಜರಡಿಯ ಕಣ್ಣು

ತಂತ್ರಾಂಶವೆಂಬುದು ಒಂದು ಜರಡಿಯಿದ್ದಂತೆ. ಕಣ್ಣು ಹಿರಿದಾದರೆ ಕಾಳಿನೊಡನೆ ಕಲ್ಲೂ ಇಳಿಯುವುದು. ತೀರ ಕಿರಿದಾದರೆ ಕಾಳು ಮೇಲೆಯೇ ನಿಲ್ಲುವುದು. ಜರಡಿಯ ಕಣ್ಣು ಯಾವುದೆಂದರೆ ತಂತ್ರಾಂಶಕ್ಕೆ ಕೊಡುವ ಪದಗಳು. ತುಕ್ಕು ಎಂಬ ಒಂದೇ ಪದವನ್ನು ಕೊಟ್ಟರೆ ಗೋಧಿಯ ತುಕ್ಕುರೋಗದ ಲೇಖನಗಳೊಡನೆ ಕಬ್ಬಿಣದ ಸೇತುವೆಗಳಿಗೆ ಹಿಡಿಯುವ ತುಕ್ಕಿನ ಲೇಖನಗಳೂ ಬಂದು ಬೀಳುವುವು. ಇಂಗ್ಲಿಷ್ ಭಾಷೆಯಲ್ಲಿಯೂ ಎರಡಕ್ಕೂ ಒಂದೇ ಹೆಸರಿರುವುದೇ ಇದಕ್ಕೆ ಕಾರಣ. ಇದಕ್ಕೆ ವಿರುದ್ಧವಾಗಿ, ರಾಗಿಯ ವಿಷಯವು ಬೇಕೆಂದು ರಾಗಿ ಎಂಬ ಪದವನ್ನು ಮಾತ್ರ ಕೊಟ್ಟರೆ ಕಾಳಿನ ಬಹುಭಾಗವು ತಪ್ಪಿಹೋಗುವುದು. ಇಥಿಯೋಪಿಯದವರು ರಾಗಿಯನ್ನು ದಗುಸಾ ಎಂದೂ, ಕೀನ್ಯಾದವರು ವಿಂಬಿ ಎಂದೂ ಕರೆಯುತ್ತಾರೆ. ಇಂಗ್ಲಿಷ್ ಲೇಖನಗಳಲ್ಲಿ ಅದು ಫಿಂಗರ್ ಮಿಲ್ಲೆಟ್. ಆದುದರಿಂದ ಎಲ್ಯುಸಿನೆ ಕೊರಕಾನಾ ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟು, ಉಳಿದ ಹೆಸರುಗಳನ್ನೂ ಅದರೊಡನೆ ಸೇರಿಸತಕ್ಕದ್ದು.

ಇನ್ನೊಂದು ಎಚ್ಚರಿಕೆಯೂ ಬೇಕು. ಕೆಲವರು ತಮಗೆ ಪರಿಚಯವಿರುವ ನಾಲ್ಕಾರು ಪತ್ರಿಕೆಗಳನ್ನು ಮಾತ್ರವೇ ನೋಡುತ್ತಾರೆ. ಮೆಕ್ಕೆಜೋಳದ ಸೈನಿಕ ಹುಳುವು ಭಾರತಕ್ಕೆ ಬಂದಿತೆಂಬ ಮೊದಲ ವರದಿಗಳಲ್ಲಿ ಒಂದು ೨೦೧೮ರಲ್ಲಿ ಪ್ರಕಟವಾದುದು ತೋಟಗಾರಿಕೆಯ ಬೆಳೆಗಳ ಕೀಟನಿರ್ವಹಣೆಗೆ ಮೀಸಲಾದ ಒಂದು ಪತ್ರಿಕೆಯಲ್ಲಿ. ಧಾನ್ಯಗಳ ಪತ್ರಿಕೆಗಳನ್ನಷ್ಟೇ ಓದುವವನಿಗೆ ಅದು ಕಾಣಿಸದೆ ಹೋಗಬಹುದಾಗಿತ್ತು. ಪತ್ರಿಕೆಯ ಹೆಸರಿನಿಂದಲ್ಲದೆ ವಿಷಯದಿಂದ ಹುಡುಕುವುದೇ ತಂತ್ರಾಂಶದ ಮುಖ್ಯ ಗುಣ.

ಎರಡು ಕೀಟಗಳ ಕಥೆ

ದೂರದೇಶದ ಲೇಖನವು ಈ ನಾಡಿನ ಹೊಲಕ್ಕೆ ಹೇಗೆ ಉಪಕಾರವಾಗುವುದೆಂಬುದನ್ನು ಪಪ್ಪಾಯಿಯ ಹಿಟ್ಟುತಿಗಣೆಯ ಪ್ರಸಂಗದಿಂದ ತಿಳಿಯಬಹುದು. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ ಮೂಲದ ಈ ಕೀಟವು ೨೦೦೮ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು, ಕೆಲವೇ ವರ್ಷಗಳಲ್ಲಿ ತಮಿಳುನಾಡು ಮತ್ತು ಕರ್ನಾಟಕಗಳ ಪಪ್ಪಾಯಿಗೂ ಹಿಪ್ಪುನೇರಳೆಗೂ ಹಬ್ಬಿತು. ಮೈಮೇಲೆ ಮೇಣದ ಹಿಟ್ಟಿನ ಹೊದಿಕೆಯಿರುವುದರಿಂದ ಔಷಧವು ಅದಕ್ಕೆ ಸುಲಭವಾಗಿ ತಾಕುವುದಿಲ್ಲ. ಹಿಪ್ಪುನೇರಳೆಗೆ ವಿಷವನ್ನು ಸಿಂಪಡಿಸಿದರೆ ರೇಷ್ಮೆಯ ಹುಳುವಿಗೇ ಅಪಾಯ. ಹೀಗಿರುವಲ್ಲಿ ದಾರಿ ತೋರಿದುದು ಪೆಸಿಫಿಕ್ ಸಾಗರದ ಗುವಾಮ್ ಮತ್ತು ಪಲಾವ್ ದ್ವೀಪಗಳ ಅನುಭವ. ಆ ದ್ವೀಪಗಳಲ್ಲಿ ಇದೇ ತಿಗಣೆಯನ್ನು ಕೆಲವು ಸಣ್ಣ ಪರತಂತ್ರ ಕಣಜಗಳನ್ನು ಬಿಟ್ಟು ಹತೋಟಿಗೆ ತಂದ ವೃತ್ತಾಂತವು ಲೇಖನಗಳಲ್ಲಿ ಪ್ರಕಟವಾಗಿತ್ತು. ಬೆಂಗಳೂರಿನ ಹೆಬ್ಬಾಳದಲ್ಲಿರುವ ಕೇಂದ್ರ ಸರ್ಕಾರದ ಕೀಟ ಸಂಶೋಧನಾ ಸಂಸ್ಥೆಯವರು ೨೦೧೦ರಲ್ಲಿ ಅಮೆರಿಕದ ಕೃಷಿ ಇಲಾಖೆಯ ನೆರವಿನಿಂದ ಪೋರ್ಟೊರಿಕೊ ದ್ವೀಪದಿಂದ ಮೂರು ಜಾತಿಯ ಕಣಜಗಳನ್ನು ತರಿಸಿ, ಸಾಕಿ, ಹಂಚಿದರು. ಅವುಗಳಲ್ಲಿ ಅಸೆರೋಫೇಗಸ್ ಪಪ್ಪಾಯೆ ಎಂಬುದು ವಿಶೇಷವಾಗಿ ನೆಲೆಯೂರಿ, ತಿಗಣೆಯ ಹಾವಳಿಯನ್ನು ಇಳಿಸಿತು. ಪ್ರಕಟವಾದ ಲೇಖನವೊಂದು ಔಷಧದ ಖರ್ಚನ್ನು ತಪ್ಪಿಸಿ ರೇಷ್ಮೆಯ ಮನೆಗಳನ್ನು ಉಳಿಸಿದ ಸಂಗತಿಯಿದು.

ಸೈನಿಕ ಹುಳುವಿನ ಪ್ರಸಂಗವು ಎಚ್ಚರಿಕೆಯನ್ನು ಹೇಳುತ್ತದೆ. ಸ್ಪೊಡಾಪ್ಟೆರಾ ಫ್ರುಜಿಪೆರ್ಡಾ ಎಂಬ ಈ ಹುಳುವು ಮೂಲತಃ ಅಮೆರಿಕ ಖಂಡಗಳದು. ೨೦೧೬ರ ಆರಂಭದಲ್ಲಿ ಅದು ಪಶ್ಚಿಮ ಆಫ್ರಿಕದಲ್ಲಿ ಕಾಣಿಸಿಕೊಂಡ ಸಂಗತಿಯು ಅದೇ ವರ್ಷದ ಅಕ್ಟೋಬರಿನಲ್ಲಿ ಸಂಶೋಧನಾ ಲೇಖನವಾಗಿ ಪ್ರಕಟವಾಯಿತು. ಇದರ ಪತಂಗವು ಒಂದು ರಾತ್ರಿಯಲ್ಲಿ ಸುಮಾರು ೧೦೦ ಕಿಲೋಮೀಟರು ದೂರ ಹಾರಬಲ್ಲುದು. ೨೦೧೮ರ ಮೇ ತಿಂಗಳಲ್ಲಿ ಅದು ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಸಿಕ್ಕಿತು. ಅಲ್ಲಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾನಿಲಯದ ವಿದ್ವಾಂಸರು ಅದನ್ನು ಗುರುತಿಸಿದರು. ಹೆಬ್ಬಾಳದ ಸಂಸ್ಥೆಯವರು ಅದೇ ಜುಲೈ ತಿಂಗಳಲ್ಲಿ ಎಚ್ಚರಿಕೆಯ ಪತ್ರವನ್ನು ಹೊರಡಿಸಿದರು. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದಂತಹ ಗುರುತೂ, ಬಾಲದ ಬಳಿ ಚೌಕಾಕಾರವಾಗಿ ನಿಂತ ನಾಲ್ಕು ಕಪ್ಪು ಚುಕ್ಕೆಗಳೂ ಇದರ ಲಕ್ಷಣಗಳೆಂದು ಹಿಂದಿನ ಲೇಖನಗಳಲ್ಲಿ ವಿವರಿಸಿದ್ದುದರಿಂದಲೇ ಅದನ್ನು ಇತರ ಹುಳುಗಳಿಂದ ಬೇರ್ಪಡಿಸಿ ಹೇಳುವುದು ಸಾಧ್ಯವಾಯಿತು. ಮುಂದಿನ ವರ್ಷ ಅದು ಚೀನಾ ದೇಶವನ್ನೂ ಹೊಕ್ಕಿತು.

ಆಫ್ರಿಕದ ಮೊದಲ ಲೇಖನಕ್ಕೂ ಶಿವಮೊಗ್ಗದ ಹೊಲಕ್ಕೂ ನಡುವೆ ಇದ್ದುದು ಎರಡು ವರ್ಷಗಳಿಗೂ ಕಡಮೆ ಕಾಲ. ಬೋರ್ಡೋ ದ್ರಾವಣದ ಕಾಲದಲ್ಲಿ ಔಷಧಕ್ಕೆ ೨೫ ವರ್ಷ ಕಾಯಬಹುದಾಗಿತ್ತು; ಈಗ ಕೀಟವೇ ಅಷ್ಟು ಕಾಲ ಕಾಯುವುದಿಲ್ಲ. ಸುದ್ದಿಯು ಕೀಟಕ್ಕಿಂತ ಮುಂದಾಗಿ ಬಂದರೆ ಮಾತ್ರ ಪರೀಕ್ಷೆ ಮಾಡುವುದಕ್ಕೂ, ರೈತರಿಗೆ ತಿಳಿಸುವುದಕ್ಕೂ ವ್ಯವಧಾನ ದೊರೆಯುವುದು.

ಹಿಂತೆಗೆದುಕೊಂಡ ಲೇಖನಗಳು

ಹೊಸದಾದ ಮಾತ್ರಕ್ಕೆ ಎಲ್ಲವೂ ನಿಜವಾಗಲಾರದು. ತಪ್ಪು ಕಂಡುಬಂದಾಗ ಪತ್ರಿಕೆಯವರು ತಾವು ಪ್ರಕಟಿಸಿದ ಲೇಖನವನ್ನು ಹಿಂತೆಗೆದುಕೊಳ್ಳುವುದುಂಟು. ೨೦೨೩ನೆಯ ವರ್ಷವೊಂದರಲ್ಲಿಯೇ ಹೀಗೆ ಹಿಂತೆಗೆದ ಲೇಖನಗಳ ಸಂಖ್ಯೆಯು ೧೦,೦೦೦ವನ್ನು ಮೀರಿತು. ಹಿಂತೆಗೆದ ಸುದ್ದಿಯು ಮೂಲ ಸುದ್ದಿಯಷ್ಟು ವೇಗವಾಗಿ ಹರಡುವುದಿಲ್ಲವೆಂಬುದೇ ಇಲ್ಲಿನ ಕೇಡು. ಮಕ್ಕಳಿಗೆ ಹಾಕುವ ಒಂದು ಲಸಿಕೆಗೂ ಮನೋವಿಕಾಸದ ದೋಷಕ್ಕೂ ಸಂಬಂಧವಿರಬಹುದೆಂದು ಸೂಚಿಸಿ ೧೯೯೮ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಲೇಖನವನ್ನು ಪೂರ್ಣವಾಗಿ ಹಿಂತೆಗೆದುಕೊಂಡುದು ೨೦೧೦ರಲ್ಲಿ. ಆ ಹನ್ನೆರಡು ವರ್ಷಗಳಲ್ಲಿ ಎಷ್ಟೋ ತಂದೆತಾಯಿಗಳು ಅದನ್ನು ನಂಬಿ ಮಕ್ಕಳಿಗೆ ಲಸಿಕೆ ಹಾಕಿಸದೆ ಹೋದರು.

ವ್ಯವಸಾಯದ ವಿಷಯದಲ್ಲಿಯೂ ಇಂಥ ಪ್ರಸಂಗವುಂಟು. ಕುಲಾಂತರಿ ಮೆಕ್ಕೆಜೋಳವನ್ನು ತಿಂದ ಇಲಿಗಳಿಗೆ ಗಡ್ಡೆಗಳಾದುವೆಂದು ಫ್ರಾನ್ಸಿನ ಪಂಡಿತರು ೨೦೧೨ರಲ್ಲಿ ಪ್ರಕಟಿಸಿದ ಲೇಖನವನ್ನು, ಆಧಾರವು ನಿರ್ಣಾಯಕವಾಗಿಲ್ಲವೆಂಬ ಕಾರಣದಿಂದ ಆ ಪತ್ರಿಕೆಯವರು ೨೦೧೩ರಲ್ಲಿ ಹಿಂತೆಗೆದುಕೊಂಡರು. ಅದೇ ಲೇಖನವು ೨೦೧೪ರಲ್ಲಿ ಮತ್ತೊಂದು ಪತ್ರಿಕೆಯಲ್ಲಿ ಪುನಃ ಪ್ರಕಟವಾಯಿತು. ಮೊದಲ ಸುದ್ದಿಯನ್ನಷ್ಟೇ ಕೇಳಿದವನೂ, ಎರಡನೆಯದನ್ನಷ್ಟೇ ಕೇಳಿದವನೂ, ಮೂರನೆಯದನ್ನಷ್ಟೇ ಕೇಳಿದವನೂ ಒಂದೇ ವಿಷಯವನ್ನು ಕುರಿತು ಮೂರು ಬಗೆಯ ನಿಶ್ಚಯಕ್ಕೆ ಬರುವರು. ಪೂರ್ಣ ವೃತ್ತಾಂತವು ತಿಳಿದವನು ಮಾತ್ರ, ವಿಷಯವು ಇನ್ನೂ ವಿವಾದದಲ್ಲಿತ್ತೆಂಬುದನ್ನು ಅರಿಯುವನು.

ಈ ಕೊರತೆಯನ್ನು ನೀಗುವುದಕ್ಕೆ ಕೆಲವು ಏರ್ಪಾಡುಗಳಾಗಿವೆ. ೨೦೧೦ರಲ್ಲಿ ಅಮೆರಿಕದಲ್ಲಿ ಇಬ್ಬರು ಪತ್ರಕರ್ತರು ಪ್ರಾರಂಭಿಸಿದ ರಿಟ್ರ್ಯಾಕ್ಷನ್ ವಾಚ್ ಎಂಬ ಕಾರ್ಯವು ಹಿಂತೆಗೆದ ಲೇಖನಗಳ ದೊಡ್ಡ ಪಟ್ಟಿಯನ್ನು ಸಿದ್ಧಪಡಿಸಿತು. ೨೦೨೩ರಲ್ಲಿ ಕ್ರಾಸ್‌ರೆಫ್ ಸಂಸ್ಥೆಯು ಆ ಪಟ್ಟಿಯನ್ನು ಪಡೆದುಕೊಂಡು ಎಲ್ಲರಿಗೂ ತೆರೆದಿಟ್ಟಿತು. ಲೇಖನಗಳನ್ನು ಸಂಗ್ರಹಿಸಿಡುವ ಜೊಟೆರೊ ಎಂಬ ಉಚಿತ ತಂತ್ರಾಂಶವು ೨೦೧೯ರಿಂದ ಈ ಪಟ್ಟಿಯೊಡನೆ ತನ್ನಲ್ಲಿರುವ ಲೇಖನಗಳನ್ನು ಹೋಲಿಸಿ, ಹಿಂತೆಗೆದುದಕ್ಕೆ ಕೆಂಪು ಗುರುತನ್ನು ಹಾಕಿ ತೋರಿಸುತ್ತಿದೆ. ಹಳೆಯ ಕಣಜವನ್ನು ಆಗಾಗ್ಗೆ ತೆರೆದು ಹುಳುಹಿಡಿದ ಕಾಳನ್ನು ಆರಿಸಿ ತೆಗೆಯುವಂತೆ ಈ ಕೆಲಸವೆಂದು ತಿಳಿಯಬಹುದು.

ಜಮೀನುದಾರರು ಗಮನಿಸತಕ್ಕ ವಿಷಯಗಳು

ಹೊಸ ಸಂಶೋಧನೆಯಿಂದ ಸಿದ್ಧವಾಯಿತೆಂದು ಹೇಳಿ ಗೊಬ್ಬರವನ್ನೂ ಔಷಧವನ್ನೂ ಬೀಜವನ್ನೂ ಮಾರಲು ಬರುವವರು ಇದ್ದೇ ಇರುತ್ತಾರೆ. ಮೊಬೈಲುಗಳಲ್ಲಿ ಕೈಯಿಂದ ಕೈಗೆ ದಾಟಿಬರುವ ಸುದ್ದಿಗಳೂ ಹೇರಳವಾಗಿವೆ. ಗ್ರಾಮದ ಮುಖಂಡರು ಒಂದು ಮಾತನ್ನು ಒಪ್ಪಿದರೆ ಊರೆಲ್ಲ ಅದನ್ನು ಅನುಸರಿಸುವ ಸಂಭವವಿರುವುದರಿಂದ ಅವರ ಹೊಣೆಯು ಹೆಚ್ಚಿನದು. ಹಣ ಬಿಚ್ಚುವುದಕ್ಕೆ ಮುಂಚೆ ಕೆಳಗಿನ ಪ್ರಶ್ನೆಗಳನ್ನು ಕೇಳತಕ್ಕದ್ದು.

೧. ಲೇಖನವು ಯಾವ ಪತ್ರಿಕೆಯಲ್ಲಿ, ಯಾವ ವರ್ಷದಲ್ಲಿ ಪ್ರಕಟವಾಯಿತು? ಇದಕ್ಕೆ ಉತ್ತರವಿಲ್ಲದಿದ್ದರೆ ಮಾತನ್ನು ಅಲ್ಲಿಗೇ ನಿಲ್ಲಿಸಬಹುದು.

೨. ಇತರ ವಿದ್ವಾಂಸರು ಅದನ್ನು ಪರಿಶೀಲಿಸಿ ಒಪ್ಪಿರುವರೆ? ಪರಿಶೀಲನೆಗೆ ಮುಂಚೆಯೇ ಬಹಿರಂಗಪಡಿಸುವ ಕರಡು ಲೇಖನಗಳೂ ಈಗ ಬಹಳವಾಗಿವೆ.

೩. ಅನಂತರ ಅದನ್ನು ಹಿಂತೆಗೆದುಕೊಂಡಿರುವರೆ?

೪. ಪ್ರಯೋಗವು ನಡೆದ ಸೀಮೆಯ ಮಣ್ಣೂ ಮಳೆಯೂ ಇಲ್ಲಿಯಂತೆಯೇ ಇವೆಯೆ? ಎಷ್ಟು ಹಂಗಾಮುಗಳವರೆಗೆ ಪ್ರಯೋಗ ನಡೆಯಿತು?

೫. ಕೀಟನಾಶಕವಾದರೆ, ೧೯೬೮ರ ಕೀಟನಾಶಕಗಳ ಕಾಯಿದೆಯ ಮೇರೆಗೆ ಆ ಬೆಳೆಗೂ ಆ ಕೀಟಕ್ಕೂ ಅದು ನೋಂದಣಿಯಾಗಿದೆಯೆ?

ಈ ಪ್ರಶ್ನೆಗಳಿಗೆ ಉತ್ತರವನ್ನು ಜಮೀನುದಾರರೇ ಹುಡುಕಬೇಕಾಗಿಲ್ಲ. ಹೋಬಳಿಯ ರೈತ ಸಂಪರ್ಕ ಕೇಂದ್ರದವರನ್ನೂ ಕೃಷಿ ವಿಜ್ಞಾನ ಕೇಂದ್ರದವರನ್ನೂ ಕೇಳಬಹುದು. ಊರಿನಲ್ಲಿ ವಿದ್ಯಾವಂತರಾದ ಯುವಕ ಯುವತಿಯರಿದ್ದಲ್ಲಿ, ಊರಿನ ಮುಖ್ಯ ಬೆಳೆಗೆ ಮುಖ್ಯವಾದ ಒಂದೆರಡು ರೋಗಗಳ ಶಾಸ್ತ್ರೀಯ ನಾಮಗಳನ್ನು ಕೊಟ್ಟು ಉಚಿತ ಸೂಚನಾಪತ್ರಗಳನ್ನು ತರಿಸಿಕೊಳ್ಳುವ ಏರ್ಪಾಡನ್ನೂ ಮಾಡಬಹುದು. ಆದರೆ ಹಾಗೆ ಬಂದ ಲೇಖನವು ಸುದ್ದಿಯೇ ಹೊರತು ಶಿಫಾರಸಲ್ಲವೆಂಬುದನ್ನು ಮರೆಯಕೂಡದು. ಅದನ್ನು ಕೇಂದ್ರದವರಿಗೆ ತೋರಿಸಿ, ಬೇಕಾದರೆ ಹೊಲದ ಒಂದು ಮೂಲೆಯಲ್ಲಿ ಪರೀಕ್ಷಿಸಿ, ಫಲವನ್ನು ಕಂಡ ಮೇಲೆಯೇ ಇಡೀ ಜಮೀನಿಗೆ ಅನ್ವಯಿಸತಕ್ಕದ್ದು.

ಹೊಲದಿಂದ ಹೊರಡುವ ಸುದ್ದಿ

ಕಡೆಯದಾಗಿ ಒಂದು ಸಂಗತಿಯನ್ನು ಎಲ್ಲರೂ ಮನಸ್ಸಿನಲ್ಲಿಡಬೇಕು. ತಂತ್ರಾಂಶವು ಎಷ್ಟೇ ಚುರುಕಾಗಿದ್ದರೂ ಪ್ರಕಟವಾದುದನ್ನು ಮಾತ್ರ ಹುಡುಕಬಲ್ಲುದು. ಯಾರೂ ಬರೆಯದಿರುವುದು ಅದಕ್ಕೆ ಕಾಣದು. ಬೋರ್ಡೋ ಸೀಮೆಯ ಬಳ್ಳಿಯಾಗಲಿ ಶಿವಮೊಗ್ಗದ ಮೆಕ್ಕೆಜೋಳವಾಗಲಿ ಲೇಖನವಾಗುವುದಕ್ಕೆ ಮೊದಲು ಹೊಲದಲ್ಲಿಯೇ ಯಾರದೋ ಕಣ್ಣಿಗೆ ಬಿದ್ದುವು. ಹಿಂದೆ ಕಾಣದ ಹುಳುವನ್ನೋ, ಪರಿಚಯವಿಲ್ಲದ ಎಲೆಚುಕ್ಕೆಯನ್ನೋ ಕಂಡ ರೈತನು ಮಾದರಿಯನ್ನು ಜೋಪಾನವಾಗಿ ತೆಗೆದು, ಕಂಡ ದಿನವನ್ನೂ ಸ್ಥಳವನ್ನೂ ಬೆಳೆಯ ವಯಸ್ಸನ್ನೂ ಬರೆದು, ಒಂದೆರಡು ದಿನಗಳೊಳಗೆ ಸಮೀಪದ ಕೇಂದ್ರಕ್ಕೆ ಮುಟ್ಟಿಸಿದರೆ, ಮುಂದೆ ನೂರಾರು ಹಳ್ಳಿಗಳಿಗೆ ಹೋಗುವ ಎಚ್ಚರಿಕೆಯು ಆ ಹೊಲದಿಂದಲೇ ಹೊರಟಂತಾಗುವುದು. ಮುಂದಿನ ಮುಂಗಾರಿಗೆ ಮುಂಚೆ ಪ್ರತಿಯೊಂದು ಗ್ರಾಮದಲ್ಲಿಯೂ ಈ ಕೆಲಸಕ್ಕೆ ಒಬ್ಬರನ್ನಾದರೂ ಗೊತ್ತುಮಾಡಿ, ಅವರ ಹೆಸರನ್ನು ಹೋಬಳಿಯ ಕೇಂದ್ರದಲ್ಲಿ ತಿಳಿಸಿಡುವುದು ಮುಖಂಡರು ಸುಲಭವಾಗಿ ಮಾಡಬಹುದಾದ, ಖರ್ಚಿಲ್ಲದ ಏರ್ಪಾಡು.